ಹುಲ್ಲಿಲ್ಲದ ಮನೆಗೆ

ಆಯುಧಪೂಜೆಯ ದಿನ ಯಂತ್ರಗಳು ತಮಗಿಷ್ಟವಾದ ಮನೆ ಸೇರಿಕೊಳ್ಳಬಹುದೆಂಬ ಕಾಯಿದೆ ಬಂದು ಒಂಬತ್ತು ವರ್ಷವಾಗಿತ್ತು. ಪಂಕಜಮ್ಮನಿಗೆ ಅದರ ಭಯವೇನೂ ಇರಲಿಲ್ಲ. ಅವಳ ಮನೆಯಲ್ಲಿದ್ದದ್ದು ಹತ್ತು ಅಂಗಡಿ ಸುತ್ತಿ ಆರಿಸಿ ತಂದ ಹುಲ್ಲು ಕತ್ತರಿಸುವ ಮಿಷನ್ನು. ಪ್ರತಿ ಭಾನುವಾರ ಅದರ ಬ್ಲೇಡು ಮಸೆದು, ಎಣ್ಣೆ ಬಿಟ್ಟು, ತಳಕ್ಕೆ ಮೆತ್ತಿದ ಹಸಿಹುಲ್ಲನ್ನು ಕೈಯಾರೆ ಕೆರೆದು ತೆಗೆಯುತ್ತಿದ್ದಳು.

ಈ ಸಲವೂ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟಳು. ಮಿಷನ್ನು ತಾನಾಗಿ ಗುರ್ರೆಂದು, ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ, ಸೀದಾ ಎದುರುಮನೆಯ ಗೇಟಿನೊಳಗೆ ಹೋಯಿತು.

“ಏನು ಕಮ್ಮಿ ಮಾಡಿದ್ದೆನೋ ನಿಂಗೆ?” ಪಂಕಜಮ್ಮ ಕೂಗಿದಳು. “ಅಲ್ಲಿ ಬರೀ ಸಿಮೆಂಟು ಕಣೋ, ಒಂದು ಗರಿಕೇನೂ ಇಲ್ಲ!”

ಎದುರುಮನೆಯ ಪುಟ್ಟಸ್ವಾಮಯ್ಯ ಸಂಕೋಚದಿಂದ ತಲೆ ಕೆರೆದುಕೊಂಡರು. “ಅದಕ್ಕೇ ಬಂದಿರ್ಬೇಕು ಕಣಮ್ಮ.”

ಅವಳು ಹಾಕಿದ ಹಾರವನ್ನು ತೊಟ್ಟುಕೊಂಡೇ, ಅವಳ ಅಂಗಳದಲ್ಲಿ ಒಂದು ದಿನವೂ ನಿಂತಿರದಷ್ಟು ನಿರಾಳವಾಗಿ, ಮಿಷನ್ನು ಅವರ ಸಿಮೆಂಟಿನ ಮೇಲೆ ನಿಂತುಬಿಟ್ಟಿತು.