ಭಾರದ ಟವೆಲ್

ಹಾಲ್‌ನ ಮೂಲೆಯಲ್ಲಿ ಸೀಮೆಸುಣ್ಣದ ಬಚ್ಚಲುಮನೆಯೊಂದು ಎದ್ದಿತು. ಎರಡು ಕಡೆ ನಿಜವಾದ ಗೋಡೆ, ಇನ್ನೆರಡು ಕಡೆ ಬರೀ ಗೆರೆ. ಉದ್ದ ಏಳು ಅಡಿ, ಅಗಲ ಐದು. ಒಳಗೆ ಕಮೋಡ್ ಎಂದು ಊಟದ ಮೇಜಿನ ಕುರ್ಚಿ, ವಾಶ್ ಬೇಸಿನ್ ಎಂದು ಸ್ಟೂಲಿನ ಮೇಲೊಂದು ಬೋಗುಣಿ, ಸ್ನಾನದ ಜಾಗಕ್ಕೆ ಗೋಡೆಯ ಬದಿಯಲ್ಲಿ ಬಕೆಟ್ಟು, ಮಗ್ಗು, ಕೂತು ಮೀಯುವ ಮಣೆ.

"ಕಾಗದದ ಮೇಲೆ ಆನೆನೂ ಹಿಡಿಸುತ್ತೆ. ಮೊಣಕಾಲು ಇರೋರು ನೀವು," ಎಂದ ಪ್ಲಂಬರ್, ಸುಣ್ಣದ ಕೈ ಒರೆಸಿಕೊಳ್ಳುತ್ತ. "ಒಬ್ಬೊಬ್ಬರಾಗಿ ಒಳಗೆ ಹೋಗಿ, ದಿನಾ ಮಾಡೋದನ್ನ ಮಾಡಿ ತೋರಿಸಿ. ಬಟ್ಟೆ ಹಾಕ್ಕೊಂಡೇ! ನಾಳೆ ಟೈಲ್ಸ್ ಕೂತ ಮೇಲೆ ಒಂದು ಮೊಳೆ ಹೊಡಿ ಅಂದ್ರೂ ನಾನು ಬರೋನಲ್ಲ."

ಮೊದಲು ಹೋದವನು ಮನೆಯ ಮಗ. ಗೆರೆ ತುಳಿದವರು ಕಲ್ಲಾಗುತ್ತಾರೆಂಬ ಶಾಪವಿದೆಯೇನೋ ಎಂಬಂತೆ ಹೊಟ್ಟೆ ಒಳಗೆಳೆದುಕೊಂಡು ನಡೆದು, ಕುರ್ಚಿಯ ಮೇಲೆ ಗಂಭೀರವಾಗಿ ಕೂತ. ಬಾಗಿಲಿನ ಬದಲು ರಟ್ಟಿನ ಹಾಳೆ ಹಿಡಿದು ನಿಂತಿದ್ದ ಸೊಸೆ ಅದನ್ನು ಒಳಕ್ಕೆ ತಳ್ಳಿದಳು. ರಟ್ಟು ಹೋಗಿ ಗಂಡನ ಮೊಣಕಾಲಿಗೆ ಬಡಿಯಿತು.

"ಬಾಗಿಲು ಹೊರಕ್ಕೆ ತೆಗೆಯೋ ಹಾಗೆ ಇಡ್ಬೇಕು. ಇಲ್ಲಾಂದ್ರೆ ಯಜಮಾನರು ಒಳಗೇ ಉಳಿದ್ರು," ಎಂದ ಪ್ಲಂಬರ್.

"ಪೇಪರ್ ಕೊನೇ ಪುಟ ಮುಗಿಯೋ ತನಕ ಇವರಿಗೆ ಹೊರಗೊಂದು ಲೋಕ ಇದೆ ಅನ್ನೋದೇ ನೆನಪಿರಲ್ಲ, ಬಿಡಿ," ಎಂದಳು ಸೊಸೆ.

ಪ್ಲಂಬರ್ ಚೀಲದಿಂದ ಹಳೆಯ ನಲ್ಲಿಯೊಂದನ್ನು ತೆಗೆದ. "ಹಳೇ ಬಚ್ಚಲಿಂದ ಬೆಳಿಗ್ಗೆ ಬಿಚ್ಚಿದ್ದು ಇದು. ಕತ್ತು ಹೊರಳಿದೆ ನೋಡಿ. ಯಾರೋ ಚೆನ್ನಾಗಿ ಜೋತು ಬಿದ್ದಿದ್ದಾರೆ." ಎಲ್ಲರೂ ಮಗನ ಹೊಟ್ಟೆಯನ್ನೇ ನೋಡಿದರು. "ನಾನಲ್ಲಪ್ಪ!" ಎಂದ ಅವನು. ಪಕ್ಕದಲ್ಲಿ ಕೂತಿದ್ದ ಅತ್ತೆ ಮಾತ್ರ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದರು.

"ಮಣೆ ಪಕ್ಕ ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕಿಬಿಡ್ಲಾ? ಅಜ್ಜಿಗೆ..."

"ಯಾವ ಅಜ್ಜಿಗೆ?" ಎಂದರು ಅತ್ತೆ. ಪ್ಲಂಬರ್ ಸುತ್ತ ಒಮ್ಮೆ ಹುಡುಕುವಂತೆ ನೋಡಿದ. "ಇವತ್ತು ಕಂಬಿ ಅಂತೀರ, ನಾಳೆ ಕೈಗೆ ಕೋಲು ಕೊಡ್ತೀರ, ನಾಡಿದ್ದು ಮೂಲೇಲಿ ಹಾಸಿಗೆ ಹಾಕಿ ಮಲಗಿಸ್ತೀರ. ನಂಗೆ ಯಾವ ಕಂಬಿನೂ ಬೇಡ."

ಹೋದ ತಿಂಗಳು ಬಚ್ಚಲಿನಲ್ಲಿ ಧೊಪ್ಪೆಂದು ಸದ್ದಾದಾಗ ಓಡಿ ಹೋದವಳು ಸೊಸೆ. ಚಿಲಕದ ಆಚೆಯಿಂದ ಅತ್ತೆಯ ದನಿ ಬಂದಿತ್ತು: "ಬಿದ್ದಿದ್ದು ಬಕೆಟ್ಟು!" ಆಮೇಲೆ ಒಂದು ವಾರ, ಆ ಸುಡು ಸೆಕೆಯಲ್ಲೂ, ಅತ್ತೆ ತುಂಬುತೋಳಿನ ಬಟ್ಟೆ ಬಿಟ್ಟು ಬೇರೆ ತೊಡಲಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಸೊಸೆ ಗಂಡನಿಗೆ ಹೇಳಿರಲಿಲ್ಲ. ಹೇಳಿದ್ದರೆ ಅವನು ಅಂದೇ ಚಿಲಕ ಕಿತ್ತು ಅಮ್ಮನ ಸ್ನಾನಕ್ಕೆ ಕಾವಲು ಹಾಕುತ್ತಿದ್ದ. ಆದರೆ ನಾಳೆ ಕಂಬಿಯಿಲ್ಲದೆ ಟೈಲ್ಸ್ ಕೂತುಬಿಟ್ಟರೆ, ಮುಂದಿನ ಸಲ ಬಿದ್ದಾಗ ಬಕೆಟ್ಟಿನ ಹೆಸರು ಹೇಳಲೂ ಅತ್ತೆ ಏಳದಿರಬಹುದು.

"ಈಗ ನಿಮ್ಮ ಸರದಿ, ಅತ್ತೆ."

"ನಂಗ್ಯಾಕೆ ಈ ನಾಟಕ?"

"ಊರಿಗೆ ಬಂದೋರು ನೀರಿಗೆ ಬರದೇ ಇರ್ತಾರಾ? ಬನ್ನಿ ಬನ್ನಿ."

ಅತ್ತೆ ಪಟ್ಟಕ್ಕೇರುವ ರಾಣಿಯಂತೆ ಗೆರೆ ದಾಟಿ ಮಣೆಯ ಮೇಲೆ ಕೂತರು. ಖಾಲಿ ಮಗ್ಗನ್ನು ತಲೆಯ ಮೇಲೆ ಬೋರಲು ಹಾಕಿ "ಅಬ್ಬಾ, ಏನು ಬಿಸಿ!" ಎಂದರು. ಕಿವಿಯ ಹಿಂದೆಯೂ ಉಜ್ಜಿಕೊಂಡರು. ಪ್ಲಂಬರ್ ಬಿದ್ದು ಬಿದ್ದು ನಕ್ಕ. ಆ ನಗುವಿನಲ್ಲೇ ಅವರು ಎದ್ದರು. ಬಲಗೈ ತನ್ನಷ್ಟಕ್ಕೆ ತಾನೇ ಗೋಡೆಯತ್ತ ಹೋಯಿತು, ಮೂವತ್ತು ವರ್ಷದಿಂದ ನಲ್ಲಿ ಇದ್ದ ಎತ್ತರಕ್ಕೆ. ಹಾಲ್‌ನ ಗೋಡೆಗೆಲ್ಲಿಯ ನಲ್ಲಿ! ಬೆರಳುಗಳು ಗಾಳಿಯನ್ನು ಹಿಡಿದವು. ಅತ್ತೆ ವಾಲಿದರು.

ಅಷ್ಟರಲ್ಲಿ ಆ ಬೆರಳುಗಳ ಒಳಗೆ ಸೊಸೆಯ ಮುಂಗೈ ಬಂದಿತ್ತು. ಅತ್ತೆ ಇಕ್ಕಳದ ಹಾಗೆ ಹಿಡಿದುಕೊಂಡರು. ಮಗ ಇದಾವುದನ್ನೂ ನೋಡಲಿಲ್ಲ. ಕಮೋಡಿನ ಪಕ್ಕ ಪೇಪರ್ ಇಡಲು ಒಂದು ಗೂಡು ಹಿಡಿಸುತ್ತದೆಯೇ ಎಂದು ಟೇಪು ಹಿಡಿದು ಬಗ್ಗಿದ್ದ.

ಅತ್ತೆ ಸೊಸೆಯ ಮುಖ ನೋಡಿದರು. ಹೇಳಬೇಡ ಎನ್ನುವ ನೋಟ ಅದು. ಸೊಸೆ ಇನ್ನೊಂದು ಕೈಯಲ್ಲಿ ಸೀಮೆಸುಣ್ಣ ತೆಗೆದುಕೊಂಡು, ಅದೇ ಎತ್ತರಕ್ಕೆ ಗೋಡೆಯ ಮೇಲೆ ಒಂದು ಮೊಳದ ಗೆರೆ ಎಳೆದಳು. "ಇಲ್ಲಿ ಟವೆಲ್ ಕಂಬಿ."

"ಇಷ್ಟು ಕೆಳಗೆ ಯಾರೇ ಟವೆಲ್ ಹಾಕ್ತಾರೆ?" ಗಂಡ ತಲೆಯೆತ್ತಿದ.

"ನಾನು. ನನ್ನ ಟವೆಲ್, ನನ್ನಿಷ್ಟ."

"ಟವೆಲ್‌ಗಾದ್ರೆ ನಾಲ್ಕು ಸಣ್ಣ ಸ್ಕ್ರೂ ಸಾಕಮ್ಮ," ಎಂದ ಪ್ಲಂಬರ್.

"ಗೋಡೆಯೊಳಗೆ ಇಳಿಯೋ ಬೋಲ್ಟೇ ಹಾಕಿ. ನಮ್ಮನೆ ಟವೆಲ್ ಬಲು ಭಾರ."

ಪ್ಲಂಬರ್ ಸೊಟ್ಟ ನಲ್ಲಿಯನ್ನು ನೋಡಿದ. ಸೊಸೆಯ ಮುಂಗೈಯ ಮೇಲೆ ಮೂಡಿದ್ದ ನಾಲ್ಕು ಕೆಂಪು ಬೆರಳಚ್ಚುಗಳನ್ನೂ ನೋಡಿದ. "ಹೌದು, ನೆನೆದ್ರೆ ಇನ್ನೂ ಭಾರ," ಎಂದು ಬೋಲ್ಟಿನ ಅಳತೆ ಬರೆದುಕೊಂಡ.

ಹದಿನೈದು ದಿನಕ್ಕೆ ಬಚ್ಚಲು ಸಿದ್ಧವಾಯಿತು. ಆಡಿದ ಮಾತು ಸುಳ್ಳಾಗಬಾರದೆಂದು ಸೊಸೆ ದಿನಾ ಬೆಳಿಗ್ಗೆ ತನ್ನ ಹಳದಿ ಟವೆಲನ್ನು ಆ ಕಂಬಿಗೆ ಹಾಕಿ ಬರುತ್ತಿದ್ದಳು. ಅತ್ತೆಯ ಸ್ನಾನ ಮುಗಿದ ಮೇಲೆ ನೋಡಿದರೆ ಅದು ಮಡಿಕೆ ಮುರಿಯದೆ ಬೇಸಿನ್ನಿನ ಮೇಲೆ ಕೂತಿರುತ್ತಿತ್ತು.

ಎಂಟನೆಯ ದಿನ ಬಚ್ಚಲಿನ ಬಾಗಿಲು ಗೇಣಷ್ಟು ಹೊರಕ್ಕೆ ತೆರೆಯಿತು. ಹಳದಿ ಟವೆಲು ಹಾರಿ ಬಂದು ಸೊಸೆಯ ಹೆಗಲ ಮೇಲೆ ಬಿತ್ತು.

"ಇದಕ್ಕೆ ಬೇರೆಲ್ಲಾದ್ರೂ ಜಾಗ ನೋಡ್ಕೊಳ್ಳೇ," ಎಂದಿತು ಒಳಗಿನಿಂದ ದನಿ. "ಕೈ ಜಾರುತ್ತೆ."