ಗಂಗತ್ತೆಗೆ ರೋಗವಿಲ್ಲ ಎಂದರು

ದವಾಖಾನೆಯ ಸ್ಪಿರಿಟ್ಟಿನ ವಾಸನೆ ಬಂದರೆ ಈಗಲೂ ನನಗೆ ಗಂಗತ್ತೆಯ ನೆನಪಾಗುತ್ತದೆ.

ಗಂಗತ್ತೆ ಅಪ್ಪನ ತಂಗಿ. ವಿಷಮಜ್ವರ ಬಿಟ್ಟ ಮೇಲೆ ಸುಧಾರಿಸಿಕೊಳ್ಳಲೆಂದು ರಾಯಾಪುರದ ಗಂಡನ ಮನೆಯಿಂದ ಶಿರಗುಪ್ಪಿಗೆ, ನಮ್ಮ ಮನೆಗೆ ಬಂದಿದ್ದಳು. ವರ್ಷ ಕಳೆದರೂ ಮೈಯಲ್ಲಿ ಶಕ್ತಿ ಬರಲಿಲ್ಲ. ಒಂದು ಕೊಡ ನೀರು ತಂದರೆ ಮರುದಿನವೆಲ್ಲ ಹಾಸಿಗೆ ಹಿಡಿಯುತ್ತಿದ್ದಳು. ವೈದ್ಯರ ಕಷಾಯ, ದರ್ಗಾದ ತಾಯತ ಎಲ್ಲ ಆಗಿತ್ತು. ಕೊನೆಗೆ ಒಂದು ಮಧ್ಯಾಹ್ನ ಅಪ್ಪ, ಅಜ್ಜಿ, ನಾನು ಅವಳನ್ನು ಎತ್ತಿನ ಚಕ್ಕಡಿಯಲ್ಲಿ ಮಲಗಿಸಿಕೊಂಡು ಹುಬ್ಬಳ್ಳಿಯ ಡಾಕ್ಟರರ ಬಳಿ ಹೋದೆವು.

ಅವರು ಎದೆ ಪರೀಕ್ಷಿಸಿದರು, ರೆಪ್ಪೆ ಎಳೆದು ಕಣ್ಣು ನೋಡಿದರು.

“ಏನೂ ರೋಗ ಇಲ್ರಿ. ಕೆಲಸಕ್ಕ ಹಚ್ಚರಿ, ಛಲೋ ಆಗ್ತಾಳ.”

ಅಜ್ಜಿ ಕೈಮುಗಿದಳು. “ಹಂಗಾರ ಗಂಡನ ಮನಿಗೆ ಕಳಸಬಹುದೇನ್ರಿ?”

“ಇವತ್ತ ಕಳಸ್ರಿ.”

ಹೊರಗೆ ಬಂದಾಗ ಗಂಗತ್ತೆಗೆ ಚಕ್ಕಡಿ ಹತ್ತಲಾಗಲಿಲ್ಲ. ಬಿಸಿಲಿಗೆ ಕಾದ ಗಾಲಿಯ ಕಬ್ಬಿಣದ ಪಟ್ಟಿಯನ್ನೇ ಹಿಡಿದು ನಿಂತಳು.

“ಯಣ್ಣಾ, ಇನ್ನೊಮ್ಮೆ ಒಳಗ ಹೋಗಿ ಕೇಳಿ ಬಾ. ಯಾವುದಾರ ಒಂದು ರೋಗದ ಹೆಸರ ಹೇಳಲಿ.”

ಅಪ್ಪ ಅವಳನ್ನು ಎತ್ತಿ ಚಕ್ಕಡಿಯಲ್ಲಿ ಕೂರಿಸಿದ.

“ಅಕಿ ಸೀರಿ-ಅರಿವಿ ಎಲ್ಲಾ ನಮ್ಮ ಮನ್ಯಾಗ ಅದಾವಲ್ಲವ್ವಾ?” ಎಂದು ಅಜ್ಜಿಯನ್ನು ಕೇಳಿದ.

“ಆಮ್ಯಾಲೆ ಕಳಸಿದ್ರಾತು.”

ಅಪ್ಪ ಎತ್ತುಗಳನ್ನು ರಾಯಾಪುರದ ದಾರಿಗೆ ತಿರುಗಿಸಿದ.