ಕೊಟ್ಟವರಿಗೆ ಕಳಿಸುವ ಫೋಟೊ

“ಅಯ್ಯನವರೇ, ಹುಚ್ಚಮ್ಮ ಕೂಲಿಯವರ ಲೈನುಮನೆಗಳಲ್ಲಿ ದುಡ್ಡು ಎತ್ತುತಿದ್ದಾಳೆ.”

ಸಭೆಯ ಕಾರ್ಯದರ್ಶಿ ಪ್ರೇಮಕುಮಾರಿ ಇದನ್ನು ಹೇಳಿದಾಗ ಪಾಸ್ಟರ್ ಸತ್ಯಮಿತ್ರ ತಮ್ಮ ಚಪ್ಪಲಿಯ ಬಾರಿಗೆ ಸೇಫ್ಟಿ ಪಿನ್ ಹಾಕುತ್ತಿದ್ದರು. ಹಿಂದಿನ ಭಾನುವಾರ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಎಡಗಾಲಿನದು ಮಾಯವಾಗಿ, ಆಮೇಲೆ ಬೇಲಿಯ ಹತ್ತಿರ ಸಿಕ್ಕಿತ್ತು. ನಾಯಿಯ ಕೆಲಸ ಎಂದಿದ್ದರು ಎಲ್ಲರೂ.

“ಯಾರು, ಕಾಫಿ ಕೊಯ್ಯೋ ನಮ್ಮ ಹುಚ್ಚಮ್ಮನಾ?”

“ಅವಳೇ. ಮೊಬೈಲಲ್ಲಿ ಯಾರೋ ಬಡವನ ಫೋಟೊ ತೋರಿಸ್ತಾಳಂತೆ. ಹೆಂಗಸರೆಲ್ಲ ಅಯ್ಯೋ ಪಾಪ ಅಂತ ಕೊಡ್ತಿದ್ದಾರೆ. ನಾನು ಹತ್ರ ಹೋದ್ರೆ ಮೊಬೈಲು ಸೊಂಟಕ್ಕೆ ಹೋಗತ್ತೆ. ಮೊನ್ನೆ ಮೂಡಿಗೆರೆ ಬಸ್ಸಿಂದ ಇಳಿದಳು, ಸೆರಗಿನೊಳಗೆ ದೊಡ್ಡ ಡಬ್ಬ. ಏನೇ ಅದು ಅಂದ್ರೆ, ನಿಮಗ್ಯಾಕಕ್ಕ ಅಂದ್ಳು. ಮಿಕ್ಸಿ ಇರ್ಬೇಕು.”

ಪಾಸ್ಟರಿಗೆ ಮೊದಲು ನೆನಪಾದದ್ದು ಶೀಟಿನ ದುಡ್ಡು. ಎಸ್ಟೇಟ್ ಕೂಲಿಗಳ ಮಕ್ಕಳಿಗಾಗಿ ಸಭೆ ನಡೆಸುವ ಶಿಶುವಿಹಾರಕ್ಕೆ ಮಳೆ ಹಿಡಿಯುವುದರೊಳಗೆ ಹೊಸ ಶೀಟು ಹೊದಿಸಬೇಕಿತ್ತು. ಮಂಗಳೂರಿನ ಒಂದು ಟ್ರಸ್ಟಿನವರು ಅರ್ಧ ಖರ್ಚು ಕೊಡಲು ಒಪ್ಪಿದ್ದರು. ಜೊತೆಗೆ ದೇಣಿಗೆ ಎತ್ತುವ ನೀತಿಗಳನ್ನೂ ಕಳಿಸಿದ್ದರು. ಕಮಿಟಿಯಿಲ್ಲದೆ ಯಾರೂ ಕೈಯೊಡ್ಡಬಾರದು. ಯಾರ ಕಷ್ಟವನ್ನೂ ಅವರನ್ನು ಕೇಳದೆ ತೋರಿಸಬಾರದು, ಇದ್ದದ್ದಕ್ಕಿಂತ ಹೆಚ್ಚು ಮಾಡಿ ತೋರಿಸಲೇಬಾರದು. ದುಡ್ಡು ಏನಾಯಿತೆಂದು ಕೊಟ್ಟವರಿಗೆ ಕಾಣಿಸಬೇಕು. ತಪ್ಪಿದವರ ಹೆಸರು ಬರೆದು ಕಳಿಸಬೇಕು. ಮುಚ್ಚಿಟ್ಟರೆ ಶೀಟಿನ ಮಾತು ಅಲ್ಲಿಗೇ ಮುಗಿಯಿತು. ಪಾಸ್ಟರ್ ಇದನ್ನು ಸಭೆಯಲ್ಲಿ ಓದಿ, ಮೇಲೊಂದು ಉದ್ದನೆಯ ಪ್ರಸಂಗವನ್ನೂ ಮಾಡಿದ್ದರು. ಅಂದು ನಿದ್ದೆ ಹೋಗದೆ ಕೇಳಿದವಳು ಹಿಂದಿನ ಚಾಪೆಯ ಹುಚ್ಚಮ್ಮ ಒಬ್ಬಳೇ.

ಪಾಸ್ಟರ ಮಟ್ಟಿಗೆ ನೀತಿಯ ತೊಂದರೆ ಇರಲಿಲ್ಲ. ಮಗಳು ಕೊಡಿಸಿದ ಬೂಟು ಚಿಕ್ಕಮಗಳೂರಿನ ಕೂಟಗಳಿಗೆ ಮಾತ್ರ. ಊರಿನಲ್ಲಿರುವಾಗ ಅದು ಕಪಾಟಿನಲ್ಲಿರುತ್ತಿತ್ತು. ಎಸ್ಟೇಟ್ ಮಾಲೀಕರ ಬಂಗಲೆಗೆ ದೇಣಿಗೆ ಕೇಳಲು ಹೋಗುವ ದಿನ ಮೊಣಕೈ ಹರಿದ ಕೋಟು ಹೊರಗೆ ಬರುತ್ತಿತ್ತು. ಇದರಲ್ಲಿ ಸುಳ್ಳೇನು ಬಂತು? ಕೋಟು ಅವರದೇ, ಹರಿದದ್ದೂ ನಿಜವೇ. ನಾವು ವಿಶ್ವಾಸಿಗಳು ಸುಳ್ಳಾಡುವುದಿಲ್ಲ. ನಿಜದ ಹರಿದ ಮಗ್ಗುಲನ್ನು ದಾನಿಗಳ ಕಡೆ ತಿರುಗಿಸಿ ಹಿಡಿಯುತ್ತೇವೆ, ಅಷ್ಟೆ.

ಹಿಂದೊಮ್ಮೆ ದಾನಿಗಳು ಕಳಿಸಿದ ಕಂಬಳಿ ಹಂಚಿದಾಗಲೂ ಹಾಗೆಯೇ ಆಗಿತ್ತು. ಹುಚ್ಚಮ್ಮ ಕಂಬಳಿ ಕೈಗೆ ಬಂದ ಖುಷಿಗೆ ಹಲ್ಲು ಬಿಟ್ಟು ನಿಂತಿದ್ದಳು. ಫೋಟೊ ತೆಗೆಯುತ್ತಿದ್ದ ಪಾಸ್ಟರ್, “ನಗಬೇಡಮ್ಮ, ಇದು ಕೊಟ್ಟೋರಿಗೆ ಕಳಿಸೋದು,” ಎಂದಿದ್ದರು. ಅವಳು ವಿಧೇಯಳಾಗಿ ಮುಖ ಇಳಿಬಿಟ್ಟಿದ್ದಳು. ಆ ಫೋಟೊಕ್ಕೆ ಇನ್ನಷ್ಟು ಕಂಬಳಿಗಳು ಬಂದವು.

ಇವತ್ತು ಎಸ್ಟೇಟ್ ಮಾಲೀಕ ಸೋಮಶೇಖರಪ್ಪನವರ ಬಂಗಲೆಗೆ ದೇಣಿಗೆ ಕೇಳಲು ಹೋಗುವುದಿತ್ತು. ದಾರಿಯಲ್ಲೇ ಲೈನುಮನೆ. ಮೊದಲು ಹುಚ್ಚಮ್ಮನ ವಿಚಾರ ಮುಗಿಸಿ, ಹೆಸರು ಬರೆದು ಕಳಿಸಿಬಿಡುವುದೆಂದು ಪಾಸ್ಟರ್ ಹರಿದ ಕೋಟು ತೊಟ್ಟು ಹೊರಟರು.

ಕೊಯ್ಲು ಮುಗಿಸಿ ಬಂದ ಹುಚ್ಚಮ್ಮ ಜಗಲಿಯಲ್ಲಿ ಕೂತು ಕೈಯ ಅಂಟು ತಿಕ್ಕುತ್ತಿದ್ದಳು. ಪಾಸ್ಟರನ್ನು ಕಂಡು ಎದ್ದಳು. ಅಕ್ಕಪಕ್ಕದ ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು. ಒಬ್ಬಳು ನೆಲ ನೋಡುತ್ತ ಲೊಚಗುಟ್ಟಿದಳು. ಹುಚ್ಚಮ್ಮನಿಗಾಗಿ ಮರುಗುತ್ತಿದ್ದಾಳೆಂದು ಪಾಸ್ಟರ್ ತಿಳಿದರು.

“ದುಡ್ಡು ಎತ್ತಿದೆಯಂತೆ ಹುಚ್ಚಮ್ಮ.”

“ಹೂಂ ಅಯ್ನೋರೆ. ಕೊಯ್ಲಿನ ದುಡ್ಡು ಕೈಯಾಗಿರುವಾಗ್ಲೇ ಎತ್ಬೇಕು. ಆಮೇಲೆ ಯಾರು ಕೊಡ್ತಾರೆ?”

“ಕಮಿಟಿ?”

“ನಾವು ಹೆಂಗಸ್ರೇ ಒಂದು ಮಾಡ್ಕಂಡ್ವಿ. ಕಮಿಟಿ ಇಲ್ದೆ ಎತ್ಬಾರ್ದು ಅಂತ ನೀವೇ ಹೇಳಿದ್ರಲ್ಲ.”

“ಯಾರದೋ ಫೋಟೊ ತೋರಿಸ್ತೀಯಂತೆ. ಆ ಮನುಷ್ಯನ್ನ ಕೇಳಿದ್ಯಾ?”

ಹುಚ್ಚಮ್ಮ ತಲೆ ತಗ್ಗಿಸಿದಳು. “ಅದೊಂದು ತಪ್ಪಾತು. ಕೇಳಿದ್ರೆ ಬೇಡ ಅಂತಾರೆ. ಮಾನಸ್ಥರು.”

“ಕಷ್ಟ ನಿಜವೋ ಅಂತ ವಿಚಾರಿಸಿದ್ಯಾ? ವೇಷ ಹಾಕೋರು ಇರ್ತಾರಮ್ಮ. ನಿನ್ನಂಥೋರು ಮೋಸ ಹೋಗ್ತೀರಿ.”

“ಕಣ್ಣಾರೆ ಕಂಡಿದ್ದೀನಿ. ದೊಡ್ಡೋರ ಗೇಟಲ್ಲಿ ಕೈ ಮುಗಿದು ನಿಂತಿದ್ರು. ಅಷ್ಟು ಜನದ ಎದುರು ಬೇಕಂತ ಯಾರು ಹಂಗೆ ನಿಲ್ತಾರೆ, ನೀವೇ ಹೇಳಿ.”

ಪಾಸ್ಟರಿಗೆ ಸಾಕಾಯಿತು. “ಆ ಡಬ್ಬ ತಗೊಂಡು ಬಾ. ಎಲ್ಲರೂ ನೋಡ್ಲಿ.”

ಅವಳು ಒಳಗೆ ಹೋಗಿ ಡಬ್ಬ ತಂದು ಜಗಲಿಯ ಮೇಲಿಟ್ಟು ಮುಚ್ಚಳ ತೆಗೆದಳು. ಮಿಕ್ಸಿಯಲ್ಲ. ಕರಿಯ ಬೂಟು, ಗಂಡಸಿನದು. ಹುಚ್ಚಮ್ಮನ ಮನೆಯಲ್ಲಿ ಗಂಡಸೇ ಇಲ್ಲ.

“ಇದು ಯಾರಿಗೆ?” ಪಾಸ್ಟರ ದನಿ ಏರಿತು.

ಹುಚ್ಚಮ್ಮ ಕುಕ್ಕರುಗಾಲಿನಲ್ಲಿ ಕೂತು, ಪಾಸ್ಟರ ಎಡಗಾಲಿನ ಚಪ್ಪಲಿಯ ಪಿನ್ನು ಬಿಚ್ಚಿದಳು.

ಅವಳು ತೊಡಿಸಿದ ಬೂಟು ಅಳತೆಗೆ ಸರಿಯಾಗಿ ಕೂತಿತು. “ಭಾನುವಾರ ನಿಮ್ಮ ಒಂದು ಚಪ್ಲಿ ಬೇಲಿ ಹತ್ರ ಒಯ್ದು ಕಡ್ಡಿಲಿ ಅಳೆದಿದ್ದೆ,” ಎಂದಳು. ಬಾಗಿಲುಗಳಲ್ಲಿ ನಿಂತವರೆಲ್ಲ ಆ ಕಾಲುಗಳನ್ನೇ ನೋಡುತ್ತಿದ್ದರು. ಪ್ರತಿಯೊಬ್ಬಳ ಒಂದಿಷ್ಟು ಕೂಲಿ ಅದರಲ್ಲಿತ್ತು. ಕಪಾಟಿನ ಬೂಟಿನ ಮಾತನ್ನು ಪಾಸ್ಟರ್ ಇವರೆದುರು ಎತ್ತುವಂತಿರಲಿಲ್ಲ. ನೀತಿ ತಪ್ಪಿದವರು ಬೂಟು ಸಮೇತ ಸಿಕ್ಕಿಬಿದ್ದಿದ್ದರು. ಟ್ರಸ್ಟಿಗೆ ಬರೆಯಬೇಕಾದ ಹೆಸರೂ ಗೊತ್ತಾಗಿತ್ತು. ಏನು ಮಾಡಬೇಕೆಂದು ತೋಚದೆ ಅವರು ಪೆಚ್ಚಾಗಿ ನಕ್ಕರು.

ಹುಚ್ಚಮ್ಮ ಹಿಂದೆ ಸರಿದು, ಸೊಂಟದಿಂದ ಮೊಬೈಲು ತೆಗೆದು ಎತ್ತಿ ಹಿಡಿದಳು. “ನಗಬೇಡಿ ಅಯ್ನೋರೆ, ಇದು ಕೊಟ್ಟೋರಿಗೆ ಕಳಿಸೋದು.”